ಎಡಗಾಲು ಮೊದಲು

ಶಿಬುತಾನಿ ಗೆನ್ಯಾನ ಮುಖ ಊರಿಗೆಲ್ಲ ಗೊತ್ತು.
ನನಗೆ ಗೊತ್ತಿರುವುದು ಕಾಲು.
ಹದಿನಾರು ಋತು, ಪ್ರತಿ ಆಟಕ್ಕೂ ಮೊದಲು
ನನ್ನ ಮೇಜಿನ ಮೇಲೆ ಎಡಗಾಲು ಚಾಚುತ್ತಿದ್ದ,
ಬಲಗಾಲನ್ನು ಮೊದಲು ಕೊಟ್ಟವನಲ್ಲ.
ರೋಮ ಬೋಳಿಸಿದ ಹರಡಿನ ಮೇಲೆ ಬಿಳಿ ಪಟ್ಟಿ,
ಹಿಮ್ಮಡಿಗೆ ಎರಡು ಸುತ್ತು, ಮೇಲೆ ಅಡ್ಡಡ್ಡ ಹೆಣಿಗೆ,
ಕೊನೆಗೆ ಚರ್ರನೆ ಹರಿದರೆ ಮುಗಿಯಿತು.
ಅವನು ತಲೆ ಬಾಗಿಸುವನು. ನಾನೂ.
ನಮ್ಮಿಬ್ಬರ ಮಾತುಕತೆ ಹೆಚ್ಚುಕಡಿಮೆ ಇಷ್ಟೇ.

ಬಂದಾಗ ಅವನಿಗೆ ಇಪ್ಪತ್ತೆರಡು.
ಆಗ ನಮ್ಮದು ಡಬ್ಬಿಮೀನಿನ ಕಂಪನಿಯ ತಂಡ;
ಮಧ್ಯಾಹ್ನದ ತನಕ ಆಟಗಾರರೂ ಕಾರ್ಖಾನೆಯಲ್ಲೇ.
ಗೆನ್ಯಾ, ಡಬ್ಬಿಗಳ ಅಡಿಗೆ ತಾರೀಖು ಒತ್ತುವ ಯಂತ್ರದ ಮುಂದೆ.
ಸಂಜೆ ಅವನು ಮುಟ್ಟಿದ ಚೆಂಡಿಗೆಲ್ಲ ಬಂಗುಡೆಯ ವಾಸನೆ.
ಎತ್ತರ ಒಂದು ಮೀಟರ್ ಎಪ್ಪತ್ತೊಂದು.
ತಂಡದ ಪುಸ್ತಕದಲ್ಲಿ ಎಪ್ಪತ್ತೈದು ಎಂದು ಅಚ್ಚು ಹಾಕಿಸಿದ್ದರು.
ಆ ನಾಲ್ಕು ಸೆಂಟಿಮೀಟರ್ ಸಾಲವನ್ನು
ಜೀವಮಾನವಿಡೀ ಓಡಿ ತೀರಿಸಿದ.

ಮೊದಲೆರಡು ವರ್ಷ ಬೆಂಚು.
ಲೆಕ್ಕಕ್ಕುಂಟು, ಆಟಕ್ಕಿಲ್ಲ.
ಆದರೂ ಎಡಗಾಲು ಚಾಚುತ್ತಿದ್ದ,
ಆಟ ಮುಗಿದ ಮೇಲೆ ನಾನು ಬಿಚ್ಚುತ್ತಿದ್ದದ್ದು
ಬೆವರೇ ತಾಕದ ಪಟ್ಟಿ.
ಮೂರನೆಯ ವರ್ಷ, ಟೋಯಾಮಾದಲ್ಲಿ, ಫೆಬ್ರವರಿಯಲ್ಲಿ
ಇಶಿಮೋರಿ ಐದನೆಯ ಫೌಲಿಗೆ ಹೊರಬಿದ್ದ.
ನಾಲ್ಕು ನಿಮಿಷ ಸಿಕ್ಕಿತು.
ಎರಡು ಮೀಟರಿನ ಗಂಡಸರ ತೋಳುಗಳ ಕೆಳಗೆ
ಬೇಲಿ ನುಸಿಯುವ ಬೆಕ್ಕಿನ ಹಾಗೆ ನುಸಿದು
ಆರು ಪಾಸು ಕೊಟ್ಟ, ಆರೂ ಬುಟ್ಟಿ ಸೇರಿದವು.
ಕೊಟ್ಟವನ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ.
ಬರಲಿಲ್ಲ.

ತಂಡವನ್ನು ಮುಚ್ಚಿದ್ದು ಒಂದು ಫ್ಯಾಕ್ಸು.
ಕಾಯಂ ಕೆಲಸವೋ, ಚೆಂಡೋ, ಶುಕ್ರವಾರದೊಳಗೆ ತಿಳಿಸಿ.
ಹನ್ನೊಂದು ಜನ ಕೆಲಸ ಆರಿಸಿಕೊಂಡರು,
ತಪ್ಪೇನಿಲ್ಲ, ಹೊಟ್ಟೆಗೆ ಬುಟ್ಟಿಯ ಲೆಕ್ಕ ತಿಳಿಯದು.
ಗೆನ್ಯಾ ಹೊಸ ಕ್ಲಬ್ಬಿನ ಒಂದು ವರ್ಷದ ಕರಾರಿಗೆ ಮುದ್ರೆ ಒತ್ತಿದ,
ಡಬ್ಬಿಗೆ ತಾರೀಖು ಒತ್ತಿದ ಹಾಗೆಯೇ:
ಯಾವತ್ತು ಕೆಡುತ್ತದೆಂದು ಅದರಲ್ಲೇ ಬರೆದಿತ್ತು.
ನಾನೂ ಹೋದೆ.
ಯಾಕೆ ಎಂದು ಅಮ್ಮ ಕೇಳಿದಳು.
ಕತ್ತರಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ, ಕೇಳಿಸದವಳಂತಿದ್ದೆ.

ಆಮೇಲೆ ಬಣ್ಣದ ದೀಪ, ಡೋಲು, ಕುಣಿಯುವ ಕರಡಿಯ ವೇಷ.
ಆಮೇಲೆ ಎರಡನೆಯ ದರ್ಜೆ, ಮೂರನೆಯ ದರ್ಜೆ,
ಸುರಂಗದಿಂದ ಸುರಂಗಕ್ಕೆ ರಾತ್ರಿ ಬಸ್ಸು,
ತಣ್ಣಗಿನ ಅನ್ನದ ಮೇಲೆ ಒಂದು ಉಪ್ಪಿನ ಉಮೆ ಕಾಯಿ.
ಎಲ್ಲರೂ ನಿದ್ದೆ ಹೋದ ಮೇಲೆ ಮುಂದಿನ ಸೀಟಿನಲ್ಲಿ
ಅವನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತಿದ್ದವು,
ಚೆಂಡಿಲ್ಲದೆ ಚೆಂಡು ಪುಟಿಸುತ್ತ.

ಹನ್ನೆರಡನೆಯ ಋತುವಿನಲ್ಲಿ ಬಲ ಮೊಣಕಾಲು.
ಒಳಗಿನ ಹಗ್ಗ ಹರಿದ ಸದ್ದು
ಗ್ಯಾಲರಿಯ ಕೊನೆಯ ಸಾಲಿಗೂ ಕೇಳಿಸಿತು ಎನ್ನುತ್ತಾರೆ.
ಸುಳ್ಳು. ಕೇಳಿಸಿದ್ದು ನನಗೆ.
ಹತ್ತು ತಿಂಗಳ ಮೇಲೆ ಮರಳಿ ಬಂದ,
ಹೊಲಿಗೆಯ ಗುರುತು ಸಣ್ಣ ರೈಲುಹಳಿ.
ಈಗಲಾದರೂ ಬಲಗಾಲು ಮೊದಲು ಕೊಟ್ಟಾನು ಅಂದುಕೊಂಡೆ.
ಎಡಗಾಲು ಚಾಚಿದ.

ಒಮ್ಮೆ ಲೆಕ್ಕ ಹಾಕಿದೆ, ಇಷ್ಟು ವರ್ಷಕ್ಕೆ
ಅವನಿಗೆ ಸುತ್ತಿದ್ದು ಸುಮಾರು ಹನ್ನೆರಡು ಕಿಲೋಮೀಟರ್ ಪಟ್ಟಿ.
ಸ್ಟೇಷನ್ನಿನಿಂದ ಬಂದರಿಗೆ ಹೋಗಿ
ದೀಪಸ್ತಂಭಕ್ಕೊಂದು ಗಂಟು ಹಾಕಿ ವಾಪಸು ಬರಬಹುದು.
ಇದನ್ನು ಅವನಿಗೆ ಹೇಳಿಲ್ಲ.

ಕೊನೆಯ ಆಟ. ಏಪ್ರಿಲ್.
ಹೊರಗೆ ಹಿಮ ಕೊಳೆಯಾಗಿ ಕರಗುತ್ತಿತ್ತು.
ಹತ್ತೊಂಬತ್ತು ಅಂಕ ಹಿಂದಿದ್ದೆವು,
ಅರ್ಧ ಜನ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.
ಹನ್ನೊಂದು ಸೆಕೆಂಡು ಉಳಿದಾಗ ಚೆಂಡು ಅವನ ಕೈಗೆ ಬಂತು.
ಹಾಕು, ಹಾಕು ಎಂದು ಇಡೀ ಬೆಂಚು ಎದ್ದು ನಿಂತಿತು.
ಮೂಲೆಯಲ್ಲಿ ಒಬ್ಬನೇ ನಿಂತಿದ್ದ ಹೊಸ ಹುಡುಗ ತೋಕುನಾರಿಗೆ ಕೊಟ್ಟ.
ಹುಡುಗ ತಪ್ಪಿಸಿದ.
ಅವನ ಬೆನ್ನು ತಟ್ಟಿ
ಹಿಂದಕ್ಕೆ ಓಡಿದ ಗೆನ್ಯಾ, ರಕ್ಷಣೆಗೆ,
ಕಾಯುವುದಕ್ಕೆ ಇನ್ನೂ ಏನೋ ಉಳಿದಿದ್ದವನ ಹಾಗೆ.

ಕೋಣೆಯಲ್ಲಿ ಕತ್ತರಿ ಹಾಕಿದೆ, ಪಟ್ಟಿ ಸೀಳಿತು.
'ಕಾನೆಗಾವಾ-ಸಾನ್,' ಅಂದ. ಮುಂದೆ ಏನೂ ಹೇಳಲಿಲ್ಲ.
ಪಟ್ಟಿಯನ್ನು ಮುದುಡಿ, ಉಂಡೆ ಕಟ್ಟಿ,
ಕುಳಿತಲ್ಲಿಂದಲೇ ಕಸದ ಬುಟ್ಟಿಗೆ ಎಸೆದ.
ಅಂಚಿಗೆ ತಾಗಿ ಹೊರಗೆ ಬಿತ್ತು.
ಬರಿಗಾಲಲ್ಲಿ ಎದ್ದು ಹೋಗಿ
ಎತ್ತಿ, ಬಗ್ಗಿ,
ಒಳಗಿಟ್ಟು ಬಂದ.